ದೇವಿಮನೆ ಘಟ್ಟದ ಮೇಲೊಂದು ಊಟ, ಕೆಳಗೊಂದು ಊಟ

ಕಳೆದ ಮಳೆಗಾಲದಲ್ಲಿ ನನ್ನ ಆಯಿಗೆ, ಅಂದರೆ ತಾಯಿಗೆ, ಕಾಲು ಜುಂ ಅನ್ನೋಕೆ ಶುರುವಾಯಿತು. ಮೊದಮೊದಲು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ದಿನವಿಡೀ ತೋಟದ ಒದ್ದೆಯಲ್ಲಿ ಓಡಾಡುವವಳು, ಥಂಡಿ ಹಿಡಿದಿರಬೇಕು ಅಂದುಕೊಂಡೆವು. ಆಮೇಲೆ ಜಗಲಿಯ ಮೆಟ್ಟಿಲು ಇಳಿಯುವಾಗ ಹೆಜ್ಜೆ ತಪ್ಪತೊಡಗಿತು. "ಕಾಲಡಿಗೆ ನೆಲ ಇದ್ದ ಹಾಂಗೇ ಆಗ್ತಿಲ್ಲೆ ತಮಾ" ಅಂದಳು ಒಂದು ದಿನ. ಆಗ ಹೆದರಿಕೆಯಾಯಿತು. ಶಿರಸಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ನರಗಳಿಗೆ ಬೇಕಾದ ವಿಟಮಿನ್ ಬಿ12 ಇರಬೇಕಾದ ಮಟ್ಟಕ್ಕಿಂತ ಎಷ್ಟೋ ಕೆಳಗಿತ್ತು.

ಸುದ್ದಿ ಹಬ್ಬಿದ ಮೇಲೆ ಎರಡು ದಿಕ್ಕಿನಿಂದ ಎರಡು ಮಾತು ಬಂತು. ನಾನು ಕೆಲಸದ ಮೇಲೆ 12 ವರ್ಷದಿಂದ ಕಾರವಾರದಲ್ಲಿ ಇದ್ದೇನೆ. ಅಲ್ಲಿ ಮನೆ ಮಾಲಕರ ಹೆಂಡತಿಯನ್ನು ವೈನಿ ಅಂತ ಕರೆಯುತ್ತೇನೆ. ಅವರು ಅಕ್ಕರೆಯಿಂದಲೇ ಹೇಳಿದರು, "ವಾರಕ್ಕೆ ಎರಡು ಬಂಗಡೆ ತಿಂದಿದ್ದರೆ ಅವರಿಗೆ ಹೀಗಾಗ್ತಿತ್ತಾ? ಮನುಷ್ಯನಿಗೆ ಮೀನು ಬೇಕೇ ಬೇಕು." ಊರಲ್ಲಿ ದೊಡ್ಡಪ್ಪನದು ಇನ್ನೊಂದು ವಾದ. "ನಮ್ಮ ಅಜ್ಜ ತೊಂಬತ್ತು ದಾಟಿದವ. ಅವನೇನು ಮೀನು ತಿಂದಿದ್ದನಾ? ಹಲ್ಲು ನೋಡು, ಕರುಳು ನೋಡು. ಮನುಷ್ಯ ಸೊಪ್ಪು-ಕಾಳು ತಿನ್ನೋ ಜಾತಿ."

ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ನಡುವೆ ದೇವಿಮನೆ ಘಟ್ಟ. ಮೇಲೆ ಮಜ್ಜಿಗೆ, ತಂಬಳಿ, ಅಪ್ಪೆಹುಳಿ. ಕೆಳಗೆ ಮೀನು ಸಾರು, ಸೆಟ್ಲಿ (ಸೀಗಡಿ), ಬಳಚು (ಚಿಪ್ಪಿನ ಜೀವಿ). ಇದು ಸ್ಥೂಲವಾದ ಮಾತು, ಗೊತ್ತು. ಶಿರಸಿ ಸುತ್ತಲೂ ಮೀನು-ಮಾಂಸ ತಿನ್ನುವ ಮನೆಗಳು ಎಷ್ಟೋ ಇವೆ. ಕುಮಟಾ, ಹೊನ್ನಾವರದಲ್ಲಿ ಸಸ್ಯಾಹಾರಿ ಹವ್ಯಕ ಬ್ರಾಹ್ಮಣರ ಮನೆಗಳಿವೆ. ಮೀನು ತಿನ್ನುವ ಸಾರಸ್ವತ ಬ್ರಾಹ್ಮಣರೂ ಇದೇ ಕರಾವಳಿಯವರು. ನಾನು ಮೀನು ತಿನ್ನುವುದಿಲ್ಲ. ಆದರೆ ತಿನ್ನುವವರ ಮನೆಯ ಪಡಸಾಲೆಯಲ್ಲಿ ಕೂತು ಸಾವಿರ ಸಲ ಊಟ ಮಾಡಿದ್ದೇನೆ. ಹಾಗಾಗಿ ಈ ಎರಡು ಮಾತಿನ ನಡುವೆ ನನಗೆ ನಿಜವಾಗಿಯೂ ಉತ್ತರ ಬೇಕಿತ್ತು.

ದೊಡ್ಡಪ್ಪನ ಹಲ್ಲು-ಕರುಳಿನ ವಾದದಿಂದಲೇ ಶುರು ಮಾಡೋಣ. ಮೊಬೈಲಿನಲ್ಲಿ ದಿನಾ ಓಡಾಡುವುದೂ ಅದೇ. ನಮ್ಮ ಕೋರೆಹಲ್ಲು ಚಿಕ್ಕದು, ದವಡೆ ಹಲ್ಲು ಚಪ್ಪಟೆ, ಇದು ನಿಜ. ಆದರೆ ನಮ್ಮ ಹೊಟ್ಟೆ ಹಸುವಿನ ಹೊಟ್ಟೆಯ ಹಾಗೆ ಖಂಡಿತ ಇಲ್ಲ. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಹುಲ್ಲನ್ನು ಅಲ್ಲಿ ಸೂಕ್ಷ್ಮಜೀವಿಗಳು ಹುದುಗಿಸಿ ಕೊಡಬೇಕು. ನಮ್ಮ ಹತ್ತಿರದ ನೆಂಟರಾದ ವಾನರಗಳನ್ನೇ ತೆಗೆದುಕೊಳ್ಳಿ. ಗೊರಿಲ್ಲಾ, ಚಿಂಪಾಂಜಿಗಳಲ್ಲಿ ಕರುಳಿನ ಅರ್ಧಕ್ಕಿಂತ ಹೆಚ್ಚು ಭಾಗ ದೊಡ್ಡ ಕರುಳು. ನಾರು ಸೊಪ್ಪು ಕೊಳೆಸೋಕೆ ಅಷ್ಟು ಜಾಗ ಬೇಕು. ನಮ್ಮಲ್ಲಿ ಅದು ಹೆಚ್ಚುಕಡಿಮೆ ಐದನೇ ಒಂದು ಭಾಗ ಮಾತ್ರ. ನಮ್ಮಲ್ಲಿ ದೊಡ್ಡದಾಗಿರುವುದು ಸಣ್ಣ ಕರುಳು. ಬೇಗ ಜೀರ್ಣವಾಗುವ, ಸತ್ವ ಗಟ್ಟಿಯಾಗಿರುವ ಊಟಕ್ಕೆ ಹೊಂದುವ ಕರುಳು ಅದು. ಹೊಟ್ಟೆಯ ಆಮ್ಲವೂ ಬಹಳ ಜೋರು. ಸತ್ತ ಪ್ರಾಣಿ ತಿಂದು ಬದುಕುವ ಜೀವಿಗಳ ಆಮ್ಲಕ್ಕೆ ಹತ್ತಿರ ಬರುತ್ತದೆ.

ಹಾಗಂತ ವೈನಿ ಗೆದ್ದರು ಅಂತಲೂ ಅಲ್ಲ. ಕಾರವಾರದ ಮೀನು ಮಾರ್ಕೆಟಿನಲ್ಲಿ ಬುಟ್ಟಿಯ ಪಕ್ಕ ಕೂತು ಕಾಯುವ ಬೆಕ್ಕನ್ನು ನೋಡಿ. ಅದು ನಿಜವಾದ ಮಾಂಸಾಹಾರಿ. ಕ್ಯಾರೆಟ್, ಪಪ್ಪಾಯಿಯ ಕೇಸರಿ ಬಣ್ಣದಿಂದ ವಿಟಮಿನ್ ಎ ಮಾಡಿಕೊಳ್ಳುವುದು ಅದಕ್ಕೆ ಬರುವುದಿಲ್ಲ, ಮಾಂಸದಿಂದಲೇ ಸಿಗಬೇಕು. ಟಾರಿನ್ ಅಂತ ಒಂದು ವಸ್ತುವೂ ಅಷ್ಟೇ. ಸಿಹಿ ಏನು ಅಂತ ಅದರ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ನಮಗೆ ಪಪ್ಪಾಯಿ ಸಾಕು, ಮಾವಿನ ಹಣ್ಣು ಸಾಕು, ಸಿಹಿಯೂ ಚೆನ್ನಾಗಿ ಗೊತ್ತು. ಇನ್ನೊಂದು ವಿಷಯ. ದನ, ನಾಯಿ, ಬೆಕ್ಕು ಎಲ್ಲವೂ ವಿಟಮಿನ್ ಸಿ ಅನ್ನು ತಮ್ಮ ಮೈಯಲ್ಲೇ ತಯಾರಿಸುತ್ತವೆ. ಮನುಷ್ಯನಿಗೆ ಆಗುವುದಿಲ್ಲ. ಆ ಕೆಲಸ ಮಾಡುವ ಜೀನ್ ನಮ್ಮಲ್ಲಿ ಕೆಟ್ಟು ಕೂತಿದೆ. ನಮ್ಮ ಹಿಂದಿನವರಿಗೆ ದಿನಾ ಹಣ್ಣು-ಸೊಪ್ಪು ಸಿಗುತ್ತಿದ್ದುದರಿಂದ ಅದು ಕೆಟ್ಟರೂ ಬದುಕು ನಡೆಯಿತು.

ಅಂದರೆ ಮೈಯೇ ಎರಡೂ ಕಡೆ ಸಾಕ್ಷಿ ಹೇಳುತ್ತದೆ. ನೆಲದಡಿ ಸಿಕ್ಕಿದ ಸಾಕ್ಷಿಯೂ ಹಾಗೇ. ಇಥಿಯೋಪಿಯಾದಲ್ಲಿ ಸುಮಾರು 25 ಲಕ್ಷ ವರ್ಷ ಹಳೆಯ ಪ್ರಾಣಿ ಮೂಳೆಗಳ ಮೇಲೆ ಕಲ್ಲಿನ ಹತ್ಯಾರಿನಿಂದ ಕೊಯ್ದ ಗುರುತುಗಳಿವೆ. ದಕ್ಷಿಣ ಆಫ್ರಿಕಾದ ಸಮುದ್ರ ದಂಡೆಯ ಗುಹೆಯೊಂದರಲ್ಲಿ 1.6 ಲಕ್ಷ ವರ್ಷದ ಹಿಂದೆ ಮನುಷ್ಯರು ಚಿಪ್ಪಿನ ಜೀವಿಗಳನ್ನು ಆರಿಸಿ ತಿಂದದ್ದು ಗೊತ್ತಾಗಿದೆ. ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ಮೊಣಕಾಲು ನೀರಲ್ಲಿ ಬಗ್ಗಿ ಬಳಚು ಆರಿಸುವ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಆ ಗುಹೆ ನೆನಪಾಗುತ್ತದೆ. ಇನ್ನೊಂದು ಕಡೆ, ಬೇಟೆಯವರು ಅಂತಲೇ ಹೆಸರಾದ ನಿಯಾಂಡರ್ತಾಲ್ ಮನುಷ್ಯರ ಹಲ್ಲಿನ ಪಾಚಿಯಲ್ಲಿ ಬೇಯಿಸಿದ ಕಾಳು-ಗೆಡ್ಡೆಗಳ ಪಿಷ್ಟ ಸಿಕ್ಕಿದೆ. ಜೋಯಿಡಾದ ಕುಣಬಿಗಳು ಇವತ್ತಿಗೂ ಗೆಡ್ಡೆ-ಗೆಣಸು ಬೆಳೆದು ತಿನ್ನುತ್ತಾರಲ್ಲ, ಆ ಊಟವೂ ಅಷ್ಟೇ ಹಳೆಯದು.

ಇಲ್ಲಿ ಬೇಯಿಸಿದ ಅನ್ನುವ ಮಾತನ್ನು ಸುಮ್ನೆ ದಾಟಿ ಹೋಗಬಾರದು. ಕೆಸುವಿನ ಎಲೆಯನ್ನು ಹಸಿಯಾಗಿ ಬಾಯಿಗೆ ಹಾಕಿದವರಿಗೆ ಗೊತ್ತು. ಗಂಟಲೆಲ್ಲ ತುರಿಸಿ ಕಣ್ಣಲ್ಲಿ ನೀರು ಬರುತ್ತದೆ. ಎಲೆಯೊಳಗೆ ಸೂಜಿಯಂಥ ಹರಳುಗಳಿರುತ್ತವೆ. ಅದನ್ನೇ ಹುಳಿ ಹಾಕಿ ಅರೆದ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಹಸಿ ಅಕ್ಕಿ ತಿಂದು ಮನುಷ್ಯ ಬದುಕಲಾರ, ಬರೀ ಹಸಿ ಮಾಂಸ ಅಗಿದು ಬದುಕುವುದೂ ಕಷ್ಟ. ನಮ್ಮ ಜೀರ್ಣದ ಅರ್ಧ ಕೆಲಸ ಒಲೆಯ ಮೇಲೆ ಆಗುತ್ತದೆ. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ 10 ಲಕ್ಷ ವರ್ಷದ ಹಿಂದಿನ ಬೆಂಕಿಯ ಗುರುತುಗಳಿವೆ. ನಮ್ಮ ಹಲ್ಲು ಚಿಕ್ಕದಾದದ್ದು, ಕರುಳು ಗಿಡ್ಡವಾದದ್ದು ಬೆಂಕಿಯ ಜೊತೆ ಇಷ್ಟು ಕಾಲ ಕಳೆದಿದ್ದಕ್ಕೆ ಅನ್ನುವ ವಾದ ನನಗೆ ಒಪ್ಪಿಗೆಯಾಗುತ್ತದೆ. ಹಾಗಾಗಿ ಬರೀ ಹಲ್ಲು ತೋರಿಸಿ ಮನುಷ್ಯ ಇಂಥದ್ದೇ ತಿನ್ನಬೇಕು ಅಂತ ತೀರ್ಪು ಕೊಡೋಕೆ ಬರುವುದಿಲ್ಲ.

ಊಟ ಬದಲಾದ ಹಾಗೆ ಮೈಯೂ ಬದಲಾಗಿದೆ, ಇದು ಇನ್ನೂ ಸ್ವಾರಸ್ಯದ ವಿಷಯ. ಪಿಷ್ಟ ಹೆಚ್ಚು ತಿನ್ನುವ ಜನರಲ್ಲಿ ಪಿಷ್ಟ ಒಡೆಯುವ ಜೊಲ್ಲಿನ ಜೀನಿನ ಪ್ರತಿಗಳು ಜಾಸ್ತಿ ಇರುತ್ತವೆ ಅಂತ 2007ರಲ್ಲಿ ಗೊತ್ತಾಯಿತು. ದನ ಸಾಕಿದ ಜನರಲ್ಲಿ ದೊಡ್ಡವರಾದ ಮೇಲೂ ಹಾಲು ಅರಗಿಸುವ ಶಕ್ತಿ ಉಳಿದುಕೊಂಡಿತು. 2016ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಪುಣೆಯ ಜನರ ಜೀನ್ ಪರೀಕ್ಷಿಸಿದರು. ಗಿಡದ ಎಣ್ಣೆಯಿಂದ ಮಿದುಳಿಗೆ ಬೇಕಾದ ಉದ್ದ ಸರಪಳಿಯ ಕೊಬ್ಬನ್ನು ಚೆನ್ನಾಗಿ ಮಾಡಿಕೊಳ್ಳುವ ಜೀನ್ ರೂಪ 68% ಜನರಲ್ಲಿ ಇತ್ತು. ಅಮೆರಿಕದ ಕಾನ್ಸಾಸ್‌ನಲ್ಲಿ ಅದೇ ರೂಪ ಇದ್ದವರು 18%. ತಲೆಮಾರುಗಳಿಂದ ಸಸ್ಯಾಹಾರಕ್ಕೆ ಹೊಂದಿಕೊಂಡ ಗುರುತು ಅದು. ಮೀನು, ಸೀಲ್ ಮಾಂಸ ತಿಂದೇ ಬಾಳಿದ ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರಲ್ಲಿ ಇದರ ಉಲ್ಟಾ ಬದಲಾವಣೆ ಕಂಡಿದೆ. ದೊಡ್ಡಪ್ಪ ಹೇಳುವ ನಮ್ಮ ಜಾತಿ ಅನ್ನುವ ಮಾತಿನಲ್ಲಿ ಇಷ್ಟು ಸತ್ಯ ಇದೆ. ಆದರೆ ಅದು ಎಲ್ಲ ಮನುಷ್ಯರಿಗೂ ಅನ್ವಯಿಸುವ ಸತ್ಯ ಅಲ್ಲ.

ಹಾಗಾದರೆ ಆಯಿಯ ಬಿ12 ಎಲ್ಲಿ ಹೋಯಿತು? ಬಿ12 ಅನ್ನು ಯಾವ ಗಿಡವೂ ಮಾಡುವುದಿಲ್ಲ, ಯಾವ ಪ್ರಾಣಿಯೂ ಮಾಡುವುದಿಲ್ಲ. ಬರೀ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾಡುತ್ತವೆ. ಹಸುವಿನ ಹೊಟ್ಟೆಯಲ್ಲಿರುವ ಜೀವಿಗಳು ಮಾಡಿದ್ದು ಹಾಲಿಗೆ ಬರುತ್ತದೆ. ನೀರು ಸೋಸಿ ಬದುಕುವ ಚಿಪ್ಪಿನ ಜೀವಿಗಳಲ್ಲಿ ಬಹಳ ಜಾಸ್ತಿ ಕೂಡಿರುತ್ತದೆ. ಮೀನು, ಮೊಟ್ಟೆ, ಮಾಂಸದಲ್ಲೂ ಇದೆ. ನಮ್ಮ ದೊಡ್ಡ ಕರುಳಿನಲ್ಲೂ ಒಂದಿಷ್ಟು ತಯಾರಾಗುತ್ತದೆ, ಆದರೆ ಅದನ್ನು ಹೀರಿಕೊಳ್ಳುವ ಜಾಗ ಸಣ್ಣ ಕರುಳಿನ ಕೊನೆಯಲ್ಲಿದೆ. ಅಲ್ಲಿಂದ ದಾಟಿದ ಮೇಲೆ ತಯಾರಾದದ್ದು ಉಪಯೋಗಕ್ಕಿಲ್ಲ.

ಬೇಕಾಗುವುದು ತೀರಾ ಕಡಿಮೆ. ದೊಡ್ಡವರಿಗೆ ದಿನಕ್ಕೆ ಸುಮಾರು 2 ಮೈಕ್ರೋಗ್ರಾಂ. ಒಂದು ದೊಡ್ಡ ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ 1 ಮೈಕ್ರೋಗ್ರಾಂ ಇರುತ್ತದೆ. ಅಜ್ಜನ ಕಾಲದಲ್ಲಿ ಕೊಟ್ಟಿಗೆಯಲ್ಲಿ ಎಂಟು ದನ. ಹಾಲು, ಮೊಸರು, ಮಜ್ಜಿಗೆ ದಿನಕ್ಕೆ ಮೂರು ಹೊತ್ತು. ಅಜ್ಜನಿಗೆ ಮೀನು ಬೇಕಾಗಲಿಲ್ಲ, ಅವನ ಮೀನು ಕೊಟ್ಟಿಗೆಯಲ್ಲೇ ಇತ್ತು. ಈಗ ನಮ್ಮ ಕೊಟ್ಟಿಗೆ ಖಾಲಿ. ಅರ್ಧ ಲೀಟರಿನ ಒಂದು ಪ್ಯಾಕೆಟ್ ಮೂರು ಜನಕ್ಕೆ. ಚಾಕ್ಕೆ ಹೋಗಿ ಉಳಿದದ್ದು ಹೆಪ್ಪಿಗೆ, ಅದಕ್ಕೆ ನೀರು ಹಾಕಿ ಹಾಕಿ ಮಜ್ಜಿಗೆ. ತಂಬಳಿ ಹೆಸರಿಗೆ ಅದೇ ತಂಬಳಿ, ಬಣ್ಣ ಮಾತ್ರ ತೆಳು. ಊಟ ಬದಲಾಗಿದೆ ಅಂತ ನಮಗೆ ಗೊತ್ತೇ ಆಗಲಿಲ್ಲ. ಯಾಕೆಂದರೆ ಪದಾರ್ಥದ ಹೆಸರು ಬದಲಾಗಲಿಲ್ಲ.

ಅದರ ಮೇಲೆ ಆಯಿ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾಳೆ. ಒಳ್ಳೆಯ ಔಷಧ, ಬಿಡಬಾರದು. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ವಯಸ್ಸಾದ ಹಾಗೆ ಹೊಟ್ಟೆಯ ಆಮ್ಲ ತಗ್ಗುತ್ತದೆ. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳೋಕೆ ಆ ಆಮ್ಲವೇ ಬೇಕು. ಲಿವರಿನಲ್ಲಿ ಬಿ12 ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ. ಆದ್ದರಿಂದ ಕೊರತೆ ಒಮ್ಮೆಲೇ ತೋರುವುದಿಲ್ಲ. ದಾಸ್ತಾನು ಮುಗಿದ ಮೇಲೆ ನರಗಳು ಸೋಲುತ್ತವೆ. ತಡವಾದರೆ ಪೂರ್ತಿ ಸರಿಹೋಗದೆಯೂ ಇರಬಹುದು. ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಅರವತ್ತು ದಾಟಿದವರು ಇರುವ ಮನೆಗಳಲ್ಲಿ, ಈ ಪರೀಕ್ಷೆ ಮಾಡಿಸಿ ಅಂತ ನಾನು ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಕಬ್ಬಿಣಾಂಶದ ಕಥೆ ಬೇರೆ. ಮೀನು-ಮಾಂಸದ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ, ಸೊಪ್ಪು-ಕಾಳಿನದು ಕಷ್ಟಪಟ್ಟು ಹತ್ತುತ್ತದೆ. ಆದರೆ ಲಿಂಬೆ, ನೆಲ್ಲಿಕಾಯಿಯಂಥ ಹುಳಿ ಜೊತೆಗಿದ್ದರೆ ಅದೂ ಚೆನ್ನಾಗಿ ಹತ್ತುತ್ತದೆ. ಊಟ ಆದ ಕೂಡಲೇ ಚಾ ಕುಡಿದರೆ ಕೆಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 47.8% ಜನರಿಗೆ ರಕ್ತಹೀನತೆ ಇತ್ತು. ಇವರಲ್ಲಿ ಮಾಂಸ ತಿನ್ನುವ ಮನೆಯವರೂ ಬೇಕಾದಷ್ಟು. ಮನೆಯಲ್ಲಿ ಮೀನು ಮಾಡುವುದು ಬೇರೆ, ಮಾಡಿದವಳ ತಟ್ಟೆಗೆ ತುಂಡು ಬರುವುದು ಬೇರೆ, ಅಲ್ವಾ?

ದೊಡ್ಡ ಅಧ್ಯಯನಗಳು ಏನು ಹೇಳುತ್ತವೆ? ಬ್ರಿಟನ್ನಿನ ಆಕ್ಸ್‌ಫರ್ಡ್‌ನವರು ಸುಮಾರು 48,000 ಜನರನ್ನು 18 ವರ್ಷ ಗಮನಿಸಿ 2019ರಲ್ಲಿ ಹೇಳಿದರು: ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಮಾಂಸ ತಿನ್ನುವವರಿಗಿಂತ 22% ಕಡಿಮೆ, ಆದರೆ ಪಾರ್ಶ್ವವಾಯು 20% ಜಾಸ್ತಿ. 2020ರಲ್ಲಿ ಬಂದ ಅವರದೇ ಇನ್ನೊಂದು ವರದಿಯಲ್ಲಿ, ಹಾಲನ್ನೂ ಬಿಟ್ಟವರಲ್ಲಿ ಸೊಂಟದ ಮೂಳೆ ಮುರಿತ ಎರಡು ಪಟ್ಟಿಗಿಂತ ಹೆಚ್ಚು. ಅಮೆರಿಕದ ಅಡ್ವೆಂಟಿಸ್ಟ್ ಪಂಥದವರ ಮೇಲೆ ನಡೆದ ಅಧ್ಯಯನದಲ್ಲಿ, ಮಾಂಸ ಬಿಟ್ಟು ಮೀನು ಮಾತ್ರ ತಿನ್ನುವವರ ಸಾವಿನ ಪ್ರಮಾಣ ಎಲ್ಲರಿಗಿಂತ ಕಡಿಮೆ ಬಂತು. ಸಾಸೇಜ್, ಬೇಕನ್ ತರಹ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ.

ಇವೆಲ್ಲ ಬೇಕಾದ ಮಾಹಿತಿಯೇ. ಆದರೆ ಆಕ್ಸ್‌ಫರ್ಡ್‌ನ ಸಸ್ಯಾಹಾರಿ ಮೂರು ಸೌಟು ಅನ್ನ ಬಡಿಸಿಕೊಂಡು ನಡುವೆ ಗುಂಡಿ ಮಾಡಿ ಸಾರು ಹಾಕಿಸಿಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯ ಪ್ರಶ್ನೆ ಅಲ್ಲೇ ಇರುವುದು.

ಒಂದು ರಾತ್ರಿ ಊರಲ್ಲಿ, ಏಲಕ್ಕಿ ತೂಗುವ ಪುಟ್ಟ ಕಾಟಾದ ಮೇಲೆ ಆಯಿಯ ತಟ್ಟೆ ಇಟ್ಟೆ. ಅನ್ನ 380 ಗ್ರಾಂ. ಅದರಲ್ಲಿ ಪಿಷ್ಟ 100 ಗ್ರಾಂ ದಾಟುತ್ತದೆ, ಪ್ರೋಟೀನ್ ಹತ್ತೇ ಗ್ರಾಂ. ತೊವ್ವೆ ನೀರುನೀರು. ಮಜ್ಜಿಗೆಯದು ಆಗಲೇ ಹೇಳಿದೆ. ಎಲ್ಲ ಸೇರಿ ಪ್ರೋಟೀನ್ ಇಪ್ಪತ್ತು ಗ್ರಾಂ ಮುಟ್ಟಲಿಲ್ಲ, ಅದರಲ್ಲೂ ಅರ್ಧ ಅನ್ನದ್ದೇ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಬೆಳಿಗ್ಗೆ ದೋಸೆ, ಅದೂ ಅಕ್ಕಿಯದೇ.

ಕಾರವಾರಕ್ಕೆ ಬಂದ ಮೇಲೆ ವೈನಿಗೆ ಹೇಳಿ ಅವರ ತಟ್ಟೆಯನ್ನೂ ತೂಗಿದೆ. ಅನ್ನ 350 ಗ್ರಾಂ. ಒಂದು ಬಂಗಡೆ, ರವೆ ಹಚ್ಚಿ ಹುರಿದದ್ದು. ಆ ಒಂದು ಮೀನಿನಿಂದ ಪ್ರೋಟೀನ್ ಹನ್ನೆರಡು ಗ್ರಾಮಿನಷ್ಟು ಬಂತು, ಜೊತೆಗೆ ಬಿ12, ಹೃದಯಕ್ಕೆ ಒಳ್ಳೆಯ ಒಮೆಗಾ-3 ಕೊಬ್ಬು. ಆವತ್ತಿನ ಮಟ್ಟಿಗೆ ಅವರ ತಟ್ಟೆಯೇ ಮೇಲು. ಆದರೆ ಸೋಮವಾರ ಆ ಮನೆಯಲ್ಲಿ ಮೀನಿಲ್ಲ. ಶ್ರಾವಣ ತಿಂಗಳು ಪೂರ್ತಿ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಬೈತಖೋಲ್ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ತಾಜಾ ಮೀನಿನ ರೇಟು ಕೈಗೆ ಸಿಗುವುದಿಲ್ಲ. ಆಗ ಒಣ ಮೀನು, ಅದರಲ್ಲಿ ಉಪ್ಪು ವಿಪರೀತ. ವೈನಿಯ ಗಂಡನಿಗೆ ಸಕ್ಕರೆಯ ಜೊತೆ ಬಿಪಿಯೂ ಇದೆ. ಮೀನಿಲ್ಲದ ದಿನ ಆ ತಟ್ಟೆಯಲ್ಲಿ ಅನ್ನ, ಭಿರಂಡದ (ಮುರುಗಲ ಹುಳಿಯ) ಕಡಿ, ಉಪ್ಪಿನಕಾಯಿ. ಕಾಳಿಲ್ಲ, ಬೇಳೆ ಇಲ್ಲ. ಆ ದಿನ ಅವರ ತಟ್ಟೆ ಆಯಿಯ ತಟ್ಟೆಗಿಂತ ಬಡವಾಗಿತ್ತು.

2025ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ ಇದನ್ನೇ ದೇಶದ ಮಟ್ಟದಲ್ಲಿ ತೋರಿಸಿತು. ಭಾರತೀಯರ ಊಟದ ಶಕ್ತಿಯಲ್ಲಿ 62% ಕಾರ್ಬೋಹೈಡ್ರೇಟಿನಿಂದ ಬರುತ್ತಿದೆ, ಅದರಲ್ಲಿ ಬಹುಪಾಲು ಪಾಲಿಶ್ ಮಾಡಿದ ಧಾನ್ಯ ಮತ್ತು ಸಕ್ಕರೆ. ಊಟದ ಒಟ್ಟು ಶಕ್ತಿಯಲ್ಲಿ ಬರೀ 5% ಅನ್ನು ಕಾರ್ಬೋಹೈಡ್ರೇಟಿನಿಂದ ತೆಗೆದು ಆ ಜಾಗಕ್ಕೆ ಬೇಳೆ-ಕಾಳು, ಹಾಲು, ಮೊಟ್ಟೆ ಅಥವಾ ಮೀನಿನ ಪ್ರೋಟೀನ್ ಇಟ್ಟರೆ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆಯಾಗುವುದು ಲೆಕ್ಕದಲ್ಲಿ ಕಂಡಿತು. ಕಾಳಾದರೂ ಆಯಿತು, ಮೀನಾದರೂ ಆಯಿತು. ದೊಡ್ಡಪ್ಪ ಮತ್ತು ವೈನಿ ಯಾವುದಕ್ಕೆ ವಾದ ಮಾಡುತ್ತಿದ್ದಾರೋ ಆ ಎರಡೂ ಒಂದೇ ಕಡೆ ನಿಂತಿವೆ. ಎದುರಿಗೆ ಕೂತಿರುವುದು ಬಿಳಿ ಅನ್ನದ ರಾಶಿ.

ಹಾಗಂತ ಅಕ್ಕಿಯನ್ನೇ ಬೈಯಬೇಕಾಗಿಲ್ಲ. ಹಿಂದೆ ಘಟ್ಟದ ಕೆಳಗಿನವರು ತಿನ್ನುತ್ತಿದ್ದದ್ದು ಕುಚಲಕ್ಕಿ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವುದರಿಂದ ತೌಡಿನ ಬಿ ವಿಟಮಿನ್‌ಗಳು ಅಕ್ಕಿಯ ಒಳಕ್ಕೆ ಇಳಿಯುತ್ತವೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರು ತಡೆದು ಬೆಳೆಯುವ ಕಗ್ಗ ಭತ್ತದ ಕೆಂಪಕ್ಕಿ ಗಂಜಿ ಉಂಡು ದಿನವಿಡೀ ದುಡಿದವರು ಅವರು. ಆ ದುಡಿತವೂ ಈಗ ಇಲ್ಲ, ಆ ಅಕ್ಕಿಯೂ ಅಪರೂಪ. ಸೌಟು ಮಾತ್ರ ಅದೇ ಅಳತೆಯದು.

ಮೊಟ್ಟೆಯ ಜಗಳವನ್ನೂ ನಾನು ಇದೇ ಕಣ್ಣಲ್ಲಿ ನೋಡುತ್ತೇನೆ. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಗಿದೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಮೊದಲು ಶೇಂಗಾ ಚಿಕ್ಕಿಯೂ ಇತ್ತು, 2025ರಲ್ಲಿ ಅದನ್ನು ನಿಲ್ಲಿಸಿದರು. ಮೊಟ್ಟೆ ತಿನ್ನುವ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಿರಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಆರು ಗ್ರಾಂ ಒಳ್ಳೆಯ ಪ್ರೋಟೀನ್ ಅದು, ಆ ಮಗುವಿನ ಮನೆಯಲ್ಲಿ ರಾತ್ರಿ ಅನ್ನ-ಸಾರು ಮಾತ್ರ ಇರಬಹುದು. ಹಾಗೆಯೇ ಬಾಳೆಹಣ್ಣು ಮೊಟ್ಟೆಗೆ ಸಮ ಅನ್ನುವುದೂ ಸರಿಯಲ್ಲ. ಚಿಕ್ಕಿಯಲ್ಲಿ ಪ್ರೋಟೀನ್ ಸ್ವಲ್ಪ ಇತ್ತು, ಬಿ12 ಇರಲಿಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲೇ ಸಸ್ಯಾಹಾರಿ ಮಗುವಿಗೆ ನಿಜವಾದ ಆಸರೆ. ಮೊಟ್ಟೆ ಬೇಡ ಅನ್ನುವವರು ಆ ಹಾಲಿನ ಲೋಟವನ್ನು ದೊಡ್ಡದು ಮಾಡಿ ಅಂತ ಕೇಳಬೇಕು.

ಪರಿಸರದ ಲೆಕ್ಕ ಬೇರೆಯೇ ಒಂದು ಲೇಖನ. ಇಷ್ಟು ಮಾತ್ರ ಹೇಳುತ್ತೇನೆ. ನೀರು ನಿಂತ ಭತ್ತದ ಗದ್ದೆಯಿಂದಲೂ, ದನದ ಹೊಟ್ಟೆಯಿಂದಲೂ ಮೀಥೇನ್ ಹೊರಡುತ್ತದೆ. ಟ್ರಾಲರ್ ಬಲೆ ಮರಿಮೀನನ್ನೂ ಬಿಡುವುದಿಲ್ಲ. ಯಾವ ತಟ್ಟೆಯೂ ಪೂರ್ತಿ ಶುದ್ಧ ಅಲ್ಲ. ಬೇಳೆ-ಕಾಳು ಮಾತ್ರ ಈ ಲೆಕ್ಕದಲ್ಲೂ ಮುಂದೆ ಇದೆ.

ಆಯಿಗೆ ಮೊದಲು ಇಂಜೆಕ್ಷನ್ ಆಯಿತು, ಆಮೇಲೆ ಕ್ಯಾಪ್ಸೂಲಿನ ಮಾತ್ರೆ. ಮಾತ್ರೆ ಕೈಗೆ ಬಂದ ದಿನ ಅವಳ ಪ್ರಶ್ನೆ ಒಂದೇ: ಇದು ಯಾವ ಪ್ರಾಣಿಯದ್ದು? ಕ್ಯಾಪ್ಸೂಲಿನ ಹೊರಕೋಶ ಹೆಚ್ಚಾಗಿ ಜೆಲಾಟಿನ್ನಿನದು ಇರುತ್ತದೆ, ಅದು ಪ್ರಾಣಿಯ ಮೂಳೆ-ಚರ್ಮದಿಂದ ಬರುತ್ತದೆ. ಡಾಕ್ಟರಿಗೆ ಹೇಳಿ ಗುಳಿಗೆ ಬರೆಸಿಕೊಂಡೆವು. ಒಳಗಿನ ಬಿ12 ಅನ್ನು ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಹುದುಗಿಸಿ ತೆಗೆಯುತ್ತಾರೆ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿದಳು. "ಹಂಗಾರೆ ಮೊಸರಿನ ಹೆಪ್ಪು ಇದ್ದ ಹಾಂಗೇ ಆತು" ಅಂದಳು. ತೆಗೆದುಕೊಂಡಳು.

ದೀಪಾವಳಿ ಹೊತ್ತಿಗೆ ಮೆಟ್ಟಿಲು ಇಳಿಯೋದು ಸರಿಹೋಯಿತು. ಎಡಗಾಲಿನ ಬೆರಳುಗಳಲ್ಲಿ ಜುಂ ಇನ್ನೂ ಇದೆ. ರಾತ್ರಿ ಒಂದು ಸೌಟು ಅನ್ನ ಕಡಿಮೆ ಮಾಡಿ ಮೊಳಕೆ ಹೆಸರುಕಾಳಿನ ಪಲ್ಯ ಹಾಕಿಕೊಳ್ಳುತ್ತಾಳೆ, ತೊವ್ವೆ ಗಟ್ಟಿಯಾಗಿದೆ. ಇಷ್ಟೆಲ್ಲ ಕೇಳಿದ ಮೇಲೆ ವೈನಿ ತಮ್ಮ ಗಂಡನನ್ನೂ ಪರೀಕ್ಷೆಗೆ ಕರೆದುಕೊಂಡು ಹೋದರು. ಅವರೂ ಎಂಟು ವರ್ಷದಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು. ವಾರಕ್ಕೆ ನಾಲ್ಕು ದಿನ ಮೀನು ತಿಂದರೂ ಅವರ ರಿಪೋರ್ಟಿನಲ್ಲಿ ಬಿ12 ಕಡಿಮೆಯೇ ಬಂತು. ಈಗ ಭಾನುವಾರ ಬೆಳಿಗ್ಗೆ ಆಯಿ ಶಿರಸಿಯಿಂದ ಫೋನ್ ಮಾಡಿ ವೈನಿಯನ್ನು ಕೇಳುತ್ತಾಳೆ, ಅವರ ಗುಳಿಗೆ ಆಯಿತಾ ಅಂತ.